ಜನವರಿ ಹಾಳೆಯ ಹಿರೇವ್ವ

ಮೊನ್ನೆ ಕ್ಯಾಲೆಂಡರಿನ ತಗಡಿನ ಪಟ್ಟಿ ನನ್ನ ಹೆಬ್ಬೆರಳನ್ನು ಕೊಯ್ದಿತು. ಪ್ರತಿ ವರ್ಷ ಡಿಸೆಂಬರ್ ಕೊನೆಗೆ ಒಂದು ಸಲ ಕೊಯ್ದೇ ಕೊಯ್ಯುತ್ತದೆ. ಪ್ರೆಸ್ಸಿನಿಂದ ಬಂದ ಕಟ್ಟನ್ನು ಬಿಚ್ಚುವ ಆತುರದಲ್ಲಿ ನಾನು ಹುಷಾರಾಗಿರುವುದಿಲ್ಲ, ತಗಡು ತನ್ನ ಕೆಲಸ ಮರೆಯುವುದಿಲ್ಲ. ಬೆರಳಿಗೆ ಕಟ್ಟಲು ಅರಿವೆ ಕತ್ತರಿಸಬೇಕೆಂದು ಹೆಂಡತಿ ಟ್ರಂಕಿನಲ್ಲಿ ಕತ್ತರಿ ಹುಡುಕಿದಳು. ಸಿಕ್ಕಿದ್ದು ಅಪ್ಪನ ಕತ್ತರಿ. ಒಂದು ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ, ಅರಿವೆ ಹಾಗಿರಲಿ ಈಗ ಕಾಗದವನ್ನೂ ನೆಟ್ಟಗೆ ಕತ್ತರಿಸಲಾರದ ಕತ್ತರಿ. ಅದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆಯೂ ಇತ್ತು. ಇವೆರಡನ್ನೂ ಯಾಕೆ ಜೋಪಾನ ಮಾಡಿದ್ದೀರಿ ಎಂದು ಆಕೆ ಕೇಳಿದಳು. ಬೆರಳಿನಿಂದ ರಕ್ತ ಸೋರುತ್ತಿದ್ದಾಗ ಅಷ್ಟು ದೊಡ್ಡ ಉತ್ತರ ಹೇಳಲು ಆಗಲಿಲ್ಲ. ಈಗ ಪಟ್ಟಿ ಕಟ್ಟಿಯಾಗಿದೆ, ನಿಮಗೆ ಹೇಳುತ್ತೇನೆ.

ಅಪ್ಪ ಹರಪನಹಳ್ಳಿಯ ಒಂದು ಕಚೇರಿಯಲ್ಲಿ ಜವಾನರಾಗಿದ್ದರು. ನಾನು ಹುಟ್ಟುವ ಮೊದಲೇ ನಮ್ಮ ಮನೆಯವರು ಬೌದ್ಧರಾಗಿದ್ದರು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಒಂದು ಪಟ, ಅದರ ಪಕ್ಕಕ್ಕೆ ಒಂದು ಮೊಳೆ. ಆ ಮೊಳೆ ಕ್ಯಾಲೆಂಡರಿಗೆಂದೇ ಇದ್ದದ್ದು. ಆದರೆ ಕಿರಾಣಿ ಅಂಗಡಿಯಿಂದ ಬರಲಿ, ಬಟ್ಟೆ ಅಂಗಡಿಯಿಂದ ಬರಲಿ, ಮೆಕ್ಕೆಜೋಳದ ಮಂಡಿಯಿಂದ ಬರಲಿ, ಯಾವ ಕ್ಯಾಲೆಂಡರಿನಲ್ಲೂ ಮೇಲೆ ಒಬ್ಬ ದೇವರು, ಕೆಳಗೆ ತಾರೀಖು. ಅಪ್ಪನಿಗೆ ತಾರೀಖು ಬೇಕಿತ್ತು, ದೇವರು ಬೇಕಿರಲಿಲ್ಲ. ಹಾಗಾಗಿ ವರ್ಷದ ಮೊದಲ ಭಾನುವಾರ ಅವರು ಚಾಪೆ ಹಾಸಿ ಕುಳಿತು, ನನ್ನ ಸ್ಕೇಲು ಇಸಿದುಕೊಂಡು, ಗೆರೆ ಎಳೆದು, ಲಕ್ಷ್ಮಿಯನ್ನು ಕಮಲದ ಸಮೇತ ತಾರೀಖಿನಿಂದ ಬಿಡಿಸುತ್ತಿದ್ದರು. ಎಷ್ಟು ಜತನವೆಂದರೆ ಪಕ್ಕದಲ್ಲಿ ನಿಂತ ಆನೆಯ ಉಗುರಿಗೂ ಕತ್ತರಿ ತಾಗುತ್ತಿರಲಿಲ್ಲ. ಬಿಡಿಸಿದ ಚಿತ್ರವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿತ್ತು, ಪಕ್ಕದ ಮನೆಯ ರುದ್ರಮ್ಮನವರಿಗೆ ಕೊಟ್ಟು ಬಾ ಎನ್ನುತ್ತಿದ್ದರು.

ರುದ್ರಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಳ್ಳುತ್ತಿದ್ದರು. ಬದಲಿಗೆ ನನ್ನ ಕೈಗೆ ಒಂದು ಹಿಡಿ ಹುರಿಗಡಲೆ ಬರುತ್ತಿತ್ತು. ಅವರ ಅಡುಗೆಮನೆಯ ಗೋಡೆಯಲ್ಲಿ ವರ್ಷಕ್ಕೊಬ್ಬರಂತೆ ನಮ್ಮ ಮನೆಯ ದೇವರುಗಳು ಸಾಲಾಗಿ ನಿಂತಿದ್ದರು. ಎಲ್ಲರ ಮೈಮೇಲೂ ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಅಪ್ಪನ ಮಡಿಕೆಯ ಗುರುತು. ಬೇಡದ್ದನ್ನು ಒಲೆಗೆ ಹಾಕಬಾರದೇಕೆ, ಇಷ್ಟೆಲ್ಲ ಉಪಚಾರವೇಕೆ ಎಂದು ನಾನು ಒಮ್ಮೆ ಕೇಳಿದ್ದೆ. ಹೈಸ್ಕೂಲು ಸೇರಿದ್ದ ನನಗೆ ಆಗ ಲೋಕದ ಎಲ್ಲ ಮೌಢ್ಯವನ್ನೂ ಒಂದೇ ವಾರದಲ್ಲಿ ತೊಳೆದುಬಿಡುವ ಹುರುಪಿತ್ತು.

"ನಮಗ ಬ್ಯಾಡಂದ್ರ ನಮ್ಮ ಗ್ವಾಡಿ ಮ್ಯಾಲೆ ಬ್ಯಾಡ. ಆಕಿ ಗ್ವಾಡಿ ಆಕೀದು" ಎಂದು ಅಪ್ಪ ಹೇಳಿ ಕತ್ತರಿಯನ್ನು ಟ್ರಂಕಿನಲ್ಲಿಟ್ಟರು.

ಹೀಗೆ ನಾನು ಚಿತ್ರವಿಲ್ಲದ ಕ್ಯಾಲೆಂಡರಿನ ಕೆಳಗೆ ಬೆಳೆದೆ. ಒಮ್ಮೆ ತಾರೀಖಿನ ಮೇಲಿನ ಖಾಲಿ ಗೋಡೆಯನ್ನು ನೋಡಲಾರದೆ ಇದ್ದಿಲಿನಲ್ಲಿ ಒಂದು ಎಮ್ಮೆ ಬರೆದೆ. ಅವ್ವ ಹಬ್ಬಕ್ಕೆಂದು ಹಿಂದಿನ ದಿನವಷ್ಟೇ ಗೋಡೆ ಬಳಿದಿದ್ದಳು. ಎಮ್ಮೆಗೆ ಬಾಲ ಬರೆಯುವಷ್ಟರಲ್ಲಿ ಬೆನ್ನಿಗೆ ಏಟು ಬಿತ್ತು. ದೊಡ್ಡವನಾದ ಮೇಲೆ ಸ್ವಂತ ಖರ್ಚಿನಲ್ಲಿ ಕ್ಯಾಲೆಂಡರ್ ಮಾಡಿಸಿ ಊರೂರಿಗೆ ಹಂಚುವ ಚಟ ನನಗೆ ಅಂಟಿದ್ದು ಆ ಅರ್ಧ ಎಮ್ಮೆಯ ದೆಸೆಯಿಂದಲೇ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ನನ್ನ ಕೆಲಸ ಪಶು ಆಸ್ಪತ್ರೆಯಲ್ಲಿ. ಪರೀಕ್ಷಕ. ಹಳ್ಳಿಗಳಲ್ಲಿ ಎಲ್ಲರೂ ದನದ ಡಾಕ್ಟ್ರು ಎನ್ನುತ್ತಾರೆ. ಮೊದಮೊದಲು ನಾನು ಡಾಕ್ಟರಲ್ಲ ಎಂದು ತಿದ್ದುತ್ತಿದ್ದೆ, ಆಮೇಲೆ ಬೇಸರವಾಗಿ ಬಿಟ್ಟೆ, ಈಗ ಯಾರಾದರೂ ಹಾಗೆ ಅನ್ನದಿದ್ದರೆ ಸ್ವಲ್ಪ ಸಿಟ್ಟೇ ಬರುತ್ತದೆ. ಮೊದಲು ಕೂಡ್ಲಿಗಿ, ಆಮೇಲೆ ಹಗರಿಬೊಮ್ಮನಹಳ್ಳಿ, ಈಗ ಹಡಗಲಿ. ಕಾಲುಬಾಯಿ ರೋಗದ ಲಸಿಕೆಯ ಡಬ್ಬಿ ಹಿಡಿದು ಹಳ್ಳಿಗೆ ಹೋದರೆ ದನ ಬರುವತನಕ ಕಾಯಬೇಕು. ಕಾಯುವ ಜಾಗದಲ್ಲಿ, ಬೇವಿನ ಮರದ ಬುಡದಲ್ಲೋ ಹೊಲದ ಬದುವಿನಲ್ಲೋ, ಒಂದು ಕಲ್ಲು ನಿಂತಿರುತ್ತದೆ. ಯಾವ ಕಾಲದಲ್ಲೋ ದನ ಕದಿಯಲು ಬಂದವರ ಜೊತೆ ಹೊಡೆದಾಡಿ ಸತ್ತ ಒಬ್ಬನ ಕಲ್ಲು. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಸೂಜಿ ಚುಚ್ಚುವಾಗ ಒದೆಯುವ ಹಸುವನ್ನು ಅಂಥ ಕಲ್ಲಿಗೇ ಕಟ್ಟಿ ಹಾಕಿದರು. ಸತ್ತ ಮೇಲೂ ಈ ಮಹಾರಾಯನಿಗೆ ದನ ಕಾಯುವುದು ತಪ್ಪಲಿಲ್ಲವಲ್ಲ ಎನ್ನಿಸಿ, ಮೊಬೈಲ್ ತೆಗೆದು ಒಂದು ಫೋಟೊ ಹೊಡೆದೆ. ಚಟ ಶುರುವಾದದ್ದು ಅಲ್ಲಿಂದ.

ಆಮೇಲೆ ಕಂಡ ಕಲ್ಲನ್ನೆಲ್ಲ ಹಿಡಿದೆ. ಕೈ ಎತ್ತಿ ನಿಂತ ಮಾಸ್ತಿಕಲ್ಲು, ಗದ್ದಿಗೆ, ಹೊಲದ ನಡುವಿನ ಸಿಮೆಂಟಿನ ಸಮಾಧಿ, ಶಿಷ್ಯರು ಕಟ್ಟಿಸಿದ ಮೇಷ್ಟ್ರ ಕಟ್ಟೆ. ಬಾಗಳಿಗೆ ಬಂದವರೆಲ್ಲ ಕಲ್ಲೇಶ್ವರನ ಗುಡಿಯ ಕಂಬಗಳ ಫೋಟೊ ತೆಗೆಯುತ್ತಿದ್ದರೆ, ನಾನು ಊರ ಹೊರಗೆ ಮೊಣಕಾಲೂರಿ ಅರ್ಧ ಹೂತ ಒಂದು ಕಲ್ಲಿನ ಮಣ್ಣು ಕೆದರುತ್ತಿದ್ದೆ. ಹನ್ನೆರಡು ಚೆನ್ನಾಗಿ ಬಂದವು ಎನ್ನಿಸಿದಾಗ ಹರಪನಹಳ್ಳಿಯ ಪ್ರೆಸ್ಸಿಗೆ ಹೋದೆ. ಪ್ರೆಸ್ಸಿನ ಮಂಜಣ್ಣ ಕಂಪ್ಯೂಟರಿನಲ್ಲಿ ಒಂದೊಂದನ್ನೇ ನೋಡಿ, ಜನ ಹೊಸ ವರ್ಷದ ದಿನ ಎದ್ದು ಸಮಾಧಿಯ ಮುಖ ನೋಡುತ್ತಾರೆಯೇ ಎಂದು ಸಂಶಯಪಟ್ಟ. ಕೊನೆಗೆ ಒಪ್ಪಿ ಅಚ್ಚು ಹಾಕಿದ. ಆದರೆ ಮನಸ್ಸು ತಡೆಯದೆ ಹನ್ನೆರಡು ಹಾಳೆಗಳ ಮೂಲೆಯಲ್ಲೂ ಒಂದೊಂದು ಕೆಂಪು ಗುಲಾಬಿ ಇಟ್ಟಿದ್ದ.

ಜನ ಅದಕ್ಕೆ ಕಲ್ಲಿನ ಕ್ಯಾಲೆಂಡರ್ ಎಂದು ಹೆಸರಿಟ್ಟರು. ಕೂಡ್ಲಿಗಿ ಕಡೆಯ ರೈತರೊಬ್ಬರು ಏಪ್ರಿಲ್ ಹಾಳೆಯಲ್ಲಿ ತಮ್ಮ ಹೊಲದ ಕಲ್ಲು ಬಂದಿದೆಯೆಂದು ವರ್ಷವಿಡೀ ಏಪ್ರಿಲನ್ನೇ ಇಟ್ಟುಕೊಂಡು, ತಾರೀಖು ಬೇಕಾದಾಗ ಪಕ್ಕದ ಮನೆಗೆ ಹೋಗುತ್ತಿದ್ದರು. ಕೊಟ್ಟೂರಿನ ಹೋಟೆಲಿನವರು ನನ್ನೆದುರಿಗೇ ಸಂತೋಷದಿಂದ ತೂಗುಹಾಕಿದರು. ಮುಂದಿನ ವಾರ ಹೋದಾಗ ಒಂದು ಹಾಳೆಯ ಬೆನ್ನು ಮುಂದಾಗಿ, ಅದರ ಮೇಲೆ ಇಡ್ಲಿ ಖಾಲಿ ಎಂದು ದಪ್ಪಗೆ ಬರೆದಿತ್ತು. ಕಾಗದ ಬಹಳ ಚಲೋ ಐತಿ ನೋಡ್ರಿ ಎಂದು ಹೊಗಳಿದರು. ಇಂಥ ಹೊಗಳಿಕೆಗೂ ಹಿಗ್ಗುವ ಸ್ವಭಾವ ನನ್ನದು. ಹಿಗ್ಗಿ ಹಿಗ್ಗಿಯೇ ಹಿರೇಹಡಗಲಿಯಲ್ಲಿ ಎಡವಿದೆ.

ಹೋದ ವರ್ಷದ ಡಿಸೆಂಬರಿನ ಮಾತು. ಹಿರೇಹಡಗಲಿಯ ಬಸವರಾಜನ ಹೊಲದಲ್ಲಿ ಒಂದು ಕಲ್ಲಿದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ ಸೊಂಟದೆತ್ತರದ ಒಂದು ಬಿಳಿ ಗುಡ್ಡೆ. ವರ್ಷ ವರ್ಷವೂ ಸುಣ್ಣ ಬಳಿದು ಬಳಿದು ಕಲ್ಲಿಗೆ ಮೂಗಿಲ್ಲ, ಮುಖವಿಲ್ಲ. ಮೇಲೆ ಅರಿಸಿನ ಕುಂಕುಮ, ಬುಡದಲ್ಲಿ ಒಣಗಿದ ಹೂವು, ಬಣ್ಣ ಹೋದ ಒಂದು ಕುಬಸದ ಖಣ, ಒಂದೆರಡು ಬಳೆ ಚೂರು. ಒಂದು ಕಡೆ ಸುಣ್ಣದ ಚಕ್ಕೆ ಎದ್ದು, ಒಳಗೆ ಒಂದು ಕೋಡು ಕಾಣಿಸುತ್ತಿತ್ತು. ದನದ ಕೋಡು ಕಂಡರೆ ಸುಮ್ಮನಿರುವ ಜಾತಿಯವನಲ್ಲ ನಾನು. ತೊಳೆದು ಫೋಟೊ ತೆಗೆಯಲೇ ಎಂದು ಬಸವರಾಜನನ್ನು ಕೇಳಿದೆ. ಆತ ಮೆಕ್ಕೆಜೋಳದ ಚೀಲ ಹೇರಿಸುವ ಗಡಿಬಿಡಿಯಲ್ಲಿದ್ದ. ಕಲ್ಲಿಗೇನು, ತೊಳೆದುಕೊಳ್ಳಿ ಎಂದ. ಆತನ ತಾಯಿ ಕೊಟ್ರಮ್ಮ ಆಗ ಕೊಟ್ಟೂರಿನಲ್ಲಿ ಮಗಳ ಮನೆಗೆ ಹೋಗಿದ್ದರು. ಮನೆಯಲ್ಲಿ ಸುಣ್ಣ ಬಳಿಯುವವರು ಯಾರು ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಎಮ್ಮೆ ಉಜ್ಜುವ ಬ್ರಷ್ಷು, ಒಂದು ಮರದ ಚಕ್ಕೆ, ಎರಡು ಕ್ಯಾನು ನೀರು. ಒಂದು ದಿನದ ರಜೆ ಹಾಕಿ ಬೆಳಗಿನಿಂದ ಮಧ್ಯಾಹ್ನದವರೆಗೆ ಉಜ್ಜಿದೆ. ಸುಣ್ಣ ಪದರು ಪದರಾಗಿ ಎದ್ದು ಬಂತು, ಹೆಬ್ಬೆರಳು ದಪ್ಪ. ಒಳಗಿನಿಂದ ಮೊದಲು ದನಗಳು ಬಂದವು. ಒಂದು ಕರು ಹಾಲು ಕುಡಿಯುತ್ತಿತ್ತು. ಆಮೇಲೆ ಬಿಲ್ಲು, ಸೊಂಟದ ಕಠಾರಿ, ಕೊನೆಗೆ ಮುಖ. ಎರಡೂ ಕಡೆ ಮೇಲಕ್ಕೆ ತಿರುಗಿದ ಮೀಸೆ. ನಾನೇ ಹೆತ್ತಷ್ಟು ಸಂತೋಷವಾಯಿತು. ಮಂಜಣ್ಣನಿಗೆ ಹೇಳಿ ಮೊದಲಿದ್ದ ಚಿತ್ರ ತೆಗೆಸಿ, ಇದನ್ನೇ ಜನವರಿ ಹಾಳೆಗೆ ಹಾಕಿಸಿದೆ. ಕೆಳಗೆ ವೀರಗಲ್ಲು, ಹಿರೇಹಡಗಲಿ ಎಂದು ಹೆಸರು.

ಬಸವರಾಜನ ಮನೆಗೆ ಒಂದು, ಊರ ಚಹಾ ಅಂಗಡಿಗೆ ಒಂದು, ಹಾಲಿನ ಡೇರಿಗೆ ಒಂದು ನಾನೇ ಕೊಟ್ಟು ಬಂದೆ. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಕೊಟ್ರಮ್ಮ ಹಡಗಲಿಯ ಆಸ್ಪತ್ರೆಗೆ ಬಂದರು. ಮೇಕೆ ಹಿಡಿದವರ ಸಾಲಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದರು, ಕೈಯಲ್ಲಿ ಮೇಕೆ ಇರಲಿಲ್ಲ. ಎಲ್ಲರದೂ ಮುಗಿಯಲೆಂದು ಕಾದು, ಕೈಚೀಲದೊಳಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಜನವರಿ ಹಾಳೆ, ನಾಲ್ಕು ಮಡಿಕೆ.

"ಹರೀಬೇಕಂದೆ, ಕೈ ಬರಲಿಲ್ಲ. ನೀವಾ ಇಟ್ಕೊಳ್ರಿ" ಎಂದರು. "ನನಗ ಒಂದು ಹೇಳ್ರಿ ಸರ. ಇಷ್ಟು ವರ್ಷ ನಾ ಸುಣ್ಣ ಬಳದಿದ್ದು, ಹಸರ ಬಳಿ ಇಟ್ಟಿದ್ದು ಯಾರಿಗೆ?"

ಆಗ ಅವರು ಹೇಳಿದ್ದು ಇದು. ಆ ಕಲ್ಲು ಅವರ ಮನೆತನದ ಹಿರೇವ್ವ. ತುಂಬಿದ ಬಸುರಿ ಹೊಲದಲ್ಲೇ ಸತ್ತಳಂತೆ, ಕೂಸು ಹೊರಗೆ ಬರಲಿಲ್ಲವಂತೆ. ಮನೆಗೆ ಬಂದ ಸೊಸೆ ಮೊದಲ ಸಲ ಬಸುರಾದಾಗ, ಸೀಮಂತದ ಕುಬಸ ಮಾಡುವ ಹಿಂದಿನ ದಿನ ಹಸಿರು ಬಳೆಗಳನ್ನು ಹಿರೇವ್ವನ ಮುಂದಿಟ್ಟು, ಅವನ್ನೇ ತಂದು ಸೊಸೆಗೆ ತೊಡಿಸಬೇಕು. ಕೊಟ್ರಮ್ಮನ ಮೊದಲ ಬಸಿರಿನಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಬಳೆ ಇಡುವುದು ತಪ್ಪಿತು. ಆ ಕೂಸು ಉಳಿಯಲಿಲ್ಲ. ಆಮೇಲೆ ಬಳೆ ಇಟ್ಟರು, ಬಸವರಾಜ ಹುಟ್ಟಿದ, ಮಗಳು ಹುಟ್ಟಿದಳು. ಅಂದಿನಿಂದ ಪ್ರತಿ ಮಹಾನವಮಿ ಅಮಾವಾಸ್ಯೆಗೆ ಸುಣ್ಣ ಬಳಿಯುವ ಕೈ ಅವರದೇ, ಬೇರೆ ಯಾರಿಗೂ ಬಿಟ್ಟಿರಲಿಲ್ಲ. ಈಗ ಬಸವರಾಜನ ಹೆಂಡತಿಗೆ ಐದು ತಿಂಗಳು. ಚಹಾ ಅಂಗಡಿಯಲ್ಲಿ ಕ್ಯಾಲೆಂಡರ್ ನೋಡಿದವರು ಮೀಸೆ ಮಾವನಿಗೆ ಬಳೆ ತೊಡಿಸುವ ಮನೆಯವರು ಎಂದು ನಗುತ್ತಿದ್ದಾರೆ. ಬಸವರಾಜನಿಗೆ ನಾಚಿಕೆಯಾಗಿ, ಕುಬಸವನ್ನು ಹಡಗಲಿಯ ಕಲ್ಯಾಣಮಂಟಪದಲ್ಲಿ ಮಾಡಿ ಮುಗಿಸೋಣ, ಕಲ್ಲಿನ ತಂಟೆ ಬೇಡ ಎನ್ನುತ್ತಿದ್ದಾನೆ. ಸೊಸೆಯೂ ಅದನ್ನೇ ಹೇಳುತ್ತಾಳೆ.

ನಾನು ಮಾಡಿದ ದಡ್ಡತನ ನೋಡಿ. ಅವರಿಗೆ ವಿವರಿಸಲು ಹೊರಟೆ. ಹಾಳೆ ಬಿಡಿಸಿ, ಇವು ದನಗಳು, ಇವನು ಅವನ್ನು ಉಳಿಸಿದವನು, ಸತ್ತ ಮೇಲೆ ಇವನನ್ನು ಅಪ್ಸರೆಯರು ಮೇಲೆ ಒಯ್ದರು, ನಿಮ್ಮ ಹೊಲದಲ್ಲಿ ಇಂಥ ಕಲ್ಲಿರುವುದು ಹೆಮ್ಮೆಯ ಮಾತು ಎಂದೆಲ್ಲ ಬೆರಳಿಟ್ಟು ತೋರಿಸಿದೆ. ಕೊಟ್ರಮ್ಮ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಅವ ದೊಡ್ಡಾವನಾ ಇರ್ಲಿ ಬಿಡ್ರಿ" ಎಂದರು. "ನಮ್ಮವ್ವ ಎಲ್ಲಿ ಹ್ವಾದ್ಲು?"

ಅವರು ಎದ್ದು ಹೋದ ಮೇಲೆ ಹಾಳೆಯನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸುವಾಗ ರುದ್ರಮ್ಮನ ಅಡುಗೆಮನೆಯ ದೇವರುಗಳು ನೆನಪಾದರು. ಅಪ್ಪ ಕತ್ತರಿ ಆಡಿಸಿದ್ದು ತಮ್ಮ ಗೋಡೆಯ ಮೇಲಿನದಕ್ಕೆ ಮಾತ್ರ. ನಾನು ಬ್ರಷ್ಷು ಹಿಡಿದು ಇನ್ನೊಬ್ಬರ ಅವ್ವನನ್ನು ಉಜ್ಜಿ ಹಾಕಿದ್ದೆ. ಆವತ್ತು ನನಗೆ ನನ್ನ ಮೇಲೆ ಬಹಳ ಅಸಹ್ಯವಾಯಿತು. ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಹೋಗಲಿಲ್ಲ.

ಮುಂದಿನ ಭಾನುವಾರ ಒಂದು ಡಬ್ಬ ಬಿಳಿ ಬಣ್ಣ ಹಿಡಿದು ಹಿರೇಹಡಗಲಿಗೆ ಹೋದೆ. ಕೊಟ್ರಮ್ಮ ಡಬ್ಬವನ್ನು ಮುಟ್ಟಿಯೂ ನೋಡಲಿಲ್ಲ. ಸುಣ್ಣದ ಹರಳು ತರಬೇಕು, ಗಡಿಗೆಯಲ್ಲಿ ನೀರು ಹಾಕಿ ಅರಳಿಸಬೇಕು, ಅರಿವೆಯಲ್ಲಿ ಸೋಸಬೇಕು, ಕತ್ತಾಳೆ ನಾರಿನಲ್ಲಿ ಬಳಿಯಬೇಕು. ಬಳಿಯುವವರು ಯಾರು ಎಂದು ಕೇಳಿದೆ. ತೆಗೆದವರು ಯಾರೋ ಅವರೇ ಎಂದರು. ಹೀಗೆ ನಾನು ಹರಳು ಹುಡುಕಿಕೊಂಡು ಹಡಗಲಿಯ ಅಂಗಡಿ ಅಂಗಡಿ ತಿರುಗಿದೆ. ಈಗ ಯಾರು ಕೇಳುತ್ತಾರೆ ಅದನ್ನು, ಎಲ್ಲರಿಗೂ ಡಬ್ಬವೇ ಬೇಕು. ಕೊನೆಗೆ ಎಲೆ ಅಡಿಕೆ ಅಂಗಡಿಯವರು ಎಲ್ಲಿ ಸಿಗುತ್ತದೆಂದು ಹೇಳಿಕಳಿಸಿದರು.

ಮೊದಲ ಕೈ ಬಳಿದಾಗ ಆದದ್ದು ಬೇರೆ. ವೀರ ಮುಚ್ಚಿಹೋಗುವ ಬದಲು ಎದ್ದು ಕಂಡ. ಮೀಸೆ ಬೆಳ್ಳಗಾಗಿ, ಹರೆಯದವನು ಮುದುಕನಾದ. ಬದುವಿನ ಮೇಲೆ ಕುಳಿತಿದ್ದ ಕೊಟ್ರಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ಒಂದು ಕೈ ಪೂರ್ತಿ ಒಣಗದೆ ಇನ್ನೊಂದು ಕೈ ಹಚ್ಚುವಂತಿಲ್ಲ. ವಾರಕ್ಕೆ ಎರಡು ಸಲ, ಆ ಕಡೆಯ ಹಳ್ಳಿಗಳ ಕೆಲಸ ಮುಗಿಸಿ ಹೋಗಿ ಬಳಿದೆ. ಬಿಲ್ಲು ಮುಚ್ಚಿತು, ಕಠಾರಿ ಮುಚ್ಚಿತು, ದನಗಳು ಒಂದೊಂದಾಗಿ ಒಳಗೆ ಹೋದವು. ಕರುವಿನ ಮೇಲೆ ಬಳಿಯುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳು ಹೇಳುವುದಿಲ್ಲ. ಮೀಸೆ ಮಾತ್ರ ಹಟ ಮಾಡಿತು. ಬಸವರಾಜ ಮೊದಲೆರಡು ವಾರ ದೂರದಲ್ಲೇ ನಿಂತಿದ್ದ. ಮೂರನೆಯ ವಾರ ತಾನಾಗಿಯೇ ನೀರಿನ ಕೊಡ ಹೊತ್ತು ತಂದ.

ಕುಬಸದ ಹಿಂದಿನ ದಿನ ನನಗೂ ಕರೆ ಬಂತು. ಕಲ್ಲು ಕಣ್ಣಿಗೆ ಮೊದಲಿನ ಹಾಗೇ ಬಿಳಿ ಗುಡ್ಡೆಯಾಗಿತ್ತು. ಸೊಸೆ ಬಂದಿದ್ದಳು, ಮುಖದಲ್ಲಿ ಒಲ್ಲದ ಮನಸ್ಸು ಕಾಣುತ್ತಿತ್ತು. ಅತ್ತೆ ಬೇಸರಪಟ್ಟುಕೊಳ್ಳಬಾರದೆಂದು ಬಂದವಳು. ಕೊಟ್ರಮ್ಮ ಕುಂಕುಮ ಹಚ್ಚಿ, ಖಣ ಇಟ್ಟು, ಹಸಿರು ಬಳೆಗಳನ್ನು ಬುಡದಲ್ಲಿಟ್ಟರು. ಆಮೇಲೆ ಅಂಗೈಯಿಂದ ಕಲ್ಲನ್ನು ಮೇಲಿನಿಂದ ಕೆಳಗೆ ಸವರಿದರು. ಕೈ ಒಂದು ಕಡೆ ನಿಂತಿತು. ಮೀಸೆಯ ಏಣು ಅಂಗೈಗೆ ಸಿಕ್ಕಿದೆ ಎಂದು ನನಗೆ ಗೊತ್ತಾಯಿತು. ಇಷ್ಟೆಲ್ಲ ಮಾಡಿದ್ದು ನೀರಿಗೆ ಹೋಯಿತು, ಈಗ ಇವರು ಬಳೆ ಎತ್ತಿಕೊಂಡು ಮನೆಗೆ ನಡೆಯುತ್ತಾರೆ ಎಂದುಕೊಂಡೆ.

ಕೊಟ್ರಮ್ಮ ಸೊಸೆಯ ಕೈ ಹಿಡಿದು ಅದೇ ಜಾಗದ ಮೇಲೆ ಇಡಿಸಿದರು.

"ಇಲ್ಲಿ ನೋಡವ್ವ, ಒಳಗದಾನ" ಎಂದರು. "ಹೊರಗ ಬರಲಾರದ ಕೂಸು ಅಂತಿದ್ಲು ನಮ್ಮತ್ತಿ. ಸಾಯಲಿಲ್ಲ ಅದು. ಅವ್ವನ ಹೊಟ್ಟ್ಯಾಗ ಬೆಳದಾನ, ಮೀಸಿ ಬಂದಾವ."

ಸೊಸೆ ಮೊದಲು ಅತ್ತೆಯ ಮುಖ ನೋಡಿದಳು, ಆಮೇಲೆ ನಕ್ಕಳು. ನಗುತ್ತಲೇ ಎರಡೂ ಕೈ ಮುಂದೆ ಚಾಚಿದಳು. ಕೊಟ್ರಮ್ಮ ಹಿರೇವ್ವನ ಮುಂದಿನ ಬಳೆಗಳಲ್ಲಿ ಎರಡನ್ನು ಅಲ್ಲಿಯೇ ತೊಡಿಸಿದರು, ಒಂದೆರಡನ್ನು ಹಿರೇವ್ವನಿಗೇ ಬಿಟ್ಟು ಉಳಿದವನ್ನು ಸೆರಗಿಗೆ ಕಟ್ಟಿಕೊಂಡರು. ಬೇಡದಿದ್ದರೂ ನನ್ನ ಕಣ್ಣು ಒದ್ದೆಯಾಯಿತು. ಸುಣ್ಣ ಸಿಡಿಯಿತು ಎಂದು ಬಸವರಾಜನಿಗೆ ಹೇಳಿದೆ. ಹೊರಡುವ ಮೊದಲು ಕೊಟ್ರಮ್ಮನವರ ಒಪ್ಪಿಗೆ ಕೇಳಿ ಒಂದು ಫೋಟೊ ತೆಗೆದೆ. ಬೇಸಿಗೆಯಲ್ಲಿ ಅವರ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು.

ಈ ಸಲದ ಕ್ಯಾಲೆಂಡರಿಗೆ ಚಿತ್ರ ಕಳಿಸಿದಾಗ ಮಂಜಣ್ಣ ಫೋನು ಮಾಡಿದ. ಜನವರಿಯ ಫೋಟೊ ಬಂದಿಲ್ಲ, ಒಂದು ಬಿಳಿ ಬೊಡ್ಡೆ ಬಿಟ್ಟರೆ ಏನೂ ಕಾಣುತ್ತಿಲ್ಲ, ಬೇರೆಯದು ಕಳಿಸಿ ಎಂದ. ಅದೇ ಫೋಟೊ ಎಂದೆ. ಹಾಗಾದರೆ ಒಂದು ಗುಲಾಬಿ ಇಡಲೇ ಎಂದು ಕೇಳಿದ. ಹಸಿರು ಬಳೆ ಇವೆ, ಸಾಕು ಎಂದೆ. ಕೆಳಗಿನ ಹೆಸರನ್ನು ಕೊಟ್ರಮ್ಮನವರನ್ನು ಕೇಳಿಯೇ ಹಾಕಿಸಿದೆ. ಹಿರೇವ್ವ, ಹಿರೇಹಡಗಲಿ.

ಆ ಕಟ್ಟು ಬಿಚ್ಚುವಾಗಲೇ ಬೆರಳು ಕೊಯ್ದದ್ದು. ನಿನ್ನೆ ಪಟ್ಟಿ ಕಟ್ಟಿದ ಬೆರಳಿನಲ್ಲೇ ಒಂದು ಕ್ಯಾಲೆಂಡರ್ ಸುತ್ತಿಕೊಂಡು ಹೋದೆ. ಟ್ರಂಕಿನ ಹಳೆಯ ಹಾಳೆಯನ್ನೂ ಯಾಕೋ ಚೀಲಕ್ಕೆ ಹಾಕಿಕೊಂಡಿದ್ದೆ. ಅವರ ಹೊಲದ್ದು, ನನ್ನ ಟ್ರಂಕಿನಲ್ಲಿ ಯಾಕೆ ಇರಬೇಕು ಎನ್ನಿಸಿತ್ತು. ಆದರೆ ಕೊಡುವ ಧೈರ್ಯವಿರಲಿಲ್ಲ. ಕೊಟ್ರಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಿಳಿ ಹಾಳೆಯನ್ನು ನೋಡಿದರು. ಫೋಟೊ ಬಂದಿಲ್ಲ ಎನ್ನಲಿಲ್ಲ. ಬಳೆಗಳ ಮೇಲೆ ಬೆರಳಾಡಿಸಿ, ಚಲೋ ಬಂದಾಳ ಎಂದರು. ಆಮೇಲೆ ನನ್ನ ಚೀಲದ ಕಡೆ ನೋಡಿದರು.

"ಆವತ್ತು ಕೊಟ್ಟಿದ್ನಲ್ಲಾ, ಆ ಹಾಳಿ ಇಟ್ಟೀರೇನು?"

ತೆಗೆದು ಕೊಟ್ಟೆ. ಮಡಿಕೆ ಬಿಡಿಸಿ, ಅನ್ನದ ಅಗುಳು ಹಚ್ಚಿ, ಮೊಳೆಯ ಕೆಳಗೆ ಗೋಡೆಗೆ ಅಂಟಿಸಿದರು. ವೀರನ ಮೈಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಅದರ ಮೇಲೆ ಹೊಸ ಕ್ಯಾಲೆಂಡರ್ ತೂಗುಹಾಕಿದರು. ಬಿಲ್ಲು, ಕಠಾರಿ, ಕರು, ಮೀಸೆ ಎಲ್ಲ ಹಿರೇವ್ವನ ಹಿಂದೆ ಹೋದವು. ಕ್ಯಾಲೆಂಡರನ್ನು ಕೆಳಗಿನಿಂದ ಒಂದಿಷ್ಟು ಎತ್ತಿ ಮಗುವಿಗೆ ಒಳಗೆ ತೋರಿಸಿದರು. ಮಗು ಕೈ ಚಾಚಿ ಮೀಸೆಗೆ ಹಾಕಿತು. ಕೊಟ್ರಮ್ಮ ಆ ಪುಟ್ಟ ಕೈಯನ್ನು ಬಿಡಿಸಿ, ಕ್ಯಾಲೆಂಡರನ್ನು ಮೆಲ್ಲಗೆ ಇಳಿಬಿಟ್ಟರು.

"ಸಾಕು ಬಿಡವ್ವ" ಎಂದರು. "ಅವ್ವನ ಹತ್ರ ಅದಾನ, ಇರ್ಲಿ."